ಒಂದು ಪರೀಕ್ಷೆಗೆ ಎರಡೇ ವಿಷಯ: ಹೋಟೆಲ್ ಹುಡುಗರನ್ನು ಹತ್ತನೇ ತರಗತಿ ದಾಟಿಸಿದ ನನ್ನ ಅನುಭವ

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಪಾಠ ಮಾಡಿದವರಿಗೆ ಹೋಟೆಲ್ ಹುಡುಗರ ದಿನಚರಿಯನ್ನು ವಿವರಿಸಬೇಕಾಗಿಲ್ಲ. ನಾನು ಕಲಿಸುತ್ತಿದ್ದ ಕಡೆ ಹಾಜರಿ ಕರಗುತ್ತಾ ಬಂದು ತರಗತಿಯೇ ನಿಂತುಹೋದಾಗ, ಅದೇ ಹುಡುಗರನ್ನು ಎನ್‌ಐಒಎಸ್ ಎಂಬ ಕೇಂದ್ರ ಸರ್ಕಾರದ ಮುಕ್ತ ಶಾಲೆಯ ಮೂಲಕ, ಕೈಯಲ್ಲಿರುವ ಫೋನನ್ನೇ ಶಾಲೆಯಾಗಿಸಿಕೊಂಡು ಹತ್ತನೇ ತರಗತಿಗೆ ಕೂರಿಸುತ್ತೇನೆಂದು ಹೊರಟೆ. "ಬೆಂಚಿನ ಮೇಲೆ ಕೂತು ಪಾಸಾಗದವರು ಫೋನು ನೋಡಿ ಪಾಸಾಗುತ್ತಾರೆಯೇ ಮಾಸ್ತರೇ?" ಎಂದು ಮಾಟುಂಗದ ಒಬ್ಬ ಹೋಟೆಲ್ ಮಾಲೀಕರು ಕೇಳಿದ್ದರು. ಇದುವರೆಗೆ ಸೇರಿದ ಸುಮಾರು ಮೂವತ್ತು ಮಂದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರ ಕೈಗೆ ಪ್ರಮಾಣಪತ್ರ ಬಂದಿದೆ, ಮತ್ತು ಆ ಮಾಲೀಕರು ಈಗ ತಮ್ಮ ಇನ್ನೊಂದು ಹೋಟೆಲಿನ ಹುಡುಗರನ್ನೂ ನನ್ನ ಬಳಿಗೆ ಕಳುಹಿಸುತ್ತಿದ್ದಾರೆ.

ಆರಂಭದ ತಂಡ ಪಾಸಾಗಬೇಕಾದ ಐದೂ ವಿಷಯಗಳಿಗೆ ಒಟ್ಟಿಗೆ ಕೂತಿತ್ತು. ಪರೀಕ್ಷೆ ಬರುವ ಏಪ್ರಿಲ್-ಮೇ ಎಂದರೆ ಊರಿನಲ್ಲಿ ಮದುವೆ, ಜಾತ್ರೆಗಳ ಕಾಲ; ಅರ್ಧದಷ್ಟು ಜನ ರಜೆ ಹಾಕಿ ಊರಿಗೆ ಹೋದರೆ, ಉಳಿದವರ ಮೇಲೆ ಹೋದವರ ಕೆಲಸವೂ ಬಿತ್ತು. ಆ ಸಲ ಬಹುತೇಕ ಯಾರೂ ಐದನ್ನೂ ದಾಟಲಿಲ್ಲ. ಹೋಟೆಲ್ ಮುಚ್ಚಿದ ಮೇಲೆ ರಾತ್ರಿ ಹನ್ನೊಂದೂವರೆಗೆ ಇಟ್ಟ ಆನ್‌ಲೈನ್ ತರಗತಿಯೂ ಕೈಹಿಡಿಯಲಿಲ್ಲ. ಪರದೆಯ ಮೇಲೆ ಹೆಸರುಗಳಿರುತ್ತಿದ್ದವು, ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಎಲ್ಲರೂ ಫೋನನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿರುತ್ತಿದ್ದರು. ಹದಿನಾರು ತಾಸು ನಿಂತ ಕಾಲುಗಳಿಂದ ಇದಕ್ಕಿಂತ ಹೆಚ್ಚನ್ನು ಕೇಳುವ ಹಕ್ಕು ಯಾವ ಶಿಕ್ಷಕನಿಗೂ ಇಲ್ಲ.

ಆಮೇಲೆ ಒಂದು ಪರೀಕ್ಷೆಗೆ ಎರಡೇ ವಿಷಯ ಎಂದು ಗೊತ್ತುಮಾಡಿದೆವು. ನೋಂದಣಿ 5 ವರ್ಷ ಊರ್ಜಿತದಲ್ಲಿರುತ್ತದೆ, ಅಷ್ಟರಲ್ಲಿ 9 ಬಾರಿ ಪರೀಕ್ಷೆಗೆ ಕೂರಬಹುದು, ಒಮ್ಮೆ ಪಾಸಾದ ವಿಷಯ ಲೆಕ್ಕದಲ್ಲಿ ಜಮೆಯಾಗಿಯೇ ಉಳಿಯುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದರೂ, ಆ ಸೌಲಭ್ಯವನ್ನೇ ನಂಬಿ ವೇಳಾಪಟ್ಟಿ ಕಟ್ಟಿದವರನ್ನು ನಾನು ಹೆಚ್ಚು ನೋಡಿಲ್ಲ. ಊರಿನಲ್ಲಿ ಎಸ್ಸೆಸ್ಸೆಲ್ಸಿ ಫೇಲಾಗಿ ಬಂದ ಹುಡುಗನಿಗಂತೂ ಅಲ್ಲಿ ಪಾಸಾದ ಎರಡು ವಿಷಯಗಳವರೆಗೆ ಕ್ರೆಡಿಟ್ ವರ್ಗಾವಣೆ, ಅಂದರೆ ಟಿಒಸಿ ಸಿಗುತ್ತದೆ. ಕನ್ನಡವೂ ಸಮಾಜವಿಜ್ಞಾನವೂ ಹಾಗೆ ವರ್ಗವಾದರೆ ಉಳಿಯುವುದು ಮೂರೇ ವಿಷಯ, ಅಕ್ಟೋಬರ್ ಮತ್ತು ಏಪ್ರಿಲ್ ಎರಡು ಪರೀಕ್ಷೆಗಳಲ್ಲಿ ಮುಗಿಯುವ ಕೆಲಸ. ಹೆಚ್ಚಿನವರನ್ನು ಕೆಡವಿದ್ದ ಗಣಿತ ಇಲ್ಲಿ ಕಡ್ಡಾಯವಲ್ಲ. ಅದರ ಬದಲು ವ್ಯವಹಾರ ಅಧ್ಯಯನವನ್ನೋ ಗೃಹವಿಜ್ಞಾನವನ್ನೋ ಆಯ್ದುಕೊಳ್ಳಬಹುದು. ಮುಂದೆ ಐಟಿಐ ಯೋಚನೆ ಇರುವವನಿಗೆ ಮಾತ್ರ ಗಣಿತ ಬಿಡಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷನ್ನು ಬಿಡಲು ಅವಕಾಶವಿದ್ದರೂ ನಾನು ಯಾರಿಗೂ ಬಿಡಗೊಟ್ಟಿಲ್ಲ.

ಓದಿನ ಹೊತ್ತನ್ನು ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲಿನ ಬಿಡುವಿಗೆ, ಮೂರೂವರೆಯಿಂದ ಐದರ ನಡುವಿನ ಮುಕ್ಕಾಲು ಗಂಟೆಗೆ ತಂದೆ. ಸ್ವಯಂ ಎಂಬ ಸರ್ಕಾರಿ ಜಾಲತಾಣದಲ್ಲಿರುವ ಎನ್‌ಐಒಎಸ್ ಪಾಠಗಳು ಒಳ್ಳೆಯವೇ, ಆದರೆ ಅಷ್ಟು ಬಿಡುವಿಗೆ ಉದ್ದವಾಗುತ್ತವೆ. ಹಾಗಾಗಿ ಪಾಠದ ಸಾರವನ್ನು ಆರೇಳು ನಿಮಿಷಗಳ ಕನ್ನಡ ಧ್ವನಿಮುದ್ರಣವಾಗಿ ವಾಟ್ಸಾಪಿನಲ್ಲಿ ಕಳುಹಿಸುತ್ತೇನೆ. ಅದನ್ನು ಕೇಳಿದ ಮೇಲೆ ಓದಿಗಿಂತ ಮೊದಲು ಬರವಣಿಗೆ. ಅಂತಿಮ ಅಂಕದಲ್ಲಿ ಶೇಕಡಾ 20ರಷ್ಟು ಟಿಎಂಎ, ಅಂದರೆ ಮನೆಯಲ್ಲೇ ಬರೆದು ಒಪ್ಪಿಸುವ ನಿಯೋಜನೆಯಿಂದ ಬರುವುದರಿಂದ, ಅದರ ಪ್ರಶ್ನೆಗಳನ್ನೇ ಪಠ್ಯಕ್ರಮವೆಂದು ಹಿಡಿದು, ಉತ್ತರ ಬರೆಯುವುದಕ್ಕಾಗಿಯೇ ಪುಸ್ತಕ ತೆರೆಯುವಂತೆ ಮಾಡಿದೆ. ಪಾಸಾಗಲು ಶೇಕಡಾ 33 ಬೇಕಾದ ಪರೀಕ್ಷೆಯಲ್ಲಿ ಈ ಅಂಕಗಳು ಎಷ್ಟು ಭಾರ ಹೊರುತ್ತವೆ ಎಂಬುದನ್ನು ಫಲಿತಾಂಶ ಬಂದಾಗ ನೋಡಬೇಕು.

ಬಿಜಾಪುರ ಕಡೆಯ ಒಬ್ಬ ಹುಡುಗ ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಗೋಧಿಹಿಟ್ಟಿನ ಚೀಲದ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದ. ಕೆಳಗಿನ ಹಬೆಗೆ ಅಂಗೈ ಬೆವರಿ ಶಾಯಿ ಕದಡುತ್ತಿತ್ತು. ಮಣಿಕಟ್ಟಿನ ಕೆಳಗೆ ಒಂದು ಹಳೆಯ ಪೋಸ್ಟ್‌ಕಾರ್ಡ್ ಇಟ್ಟುಕೊಳ್ಳಲು ಕಲಿತ ಮೇಲೆ ಪುಟ ಸ್ವಚ್ಛವಾಯಿತು. ಟ್ಯೂಬ್‌ಲೈಟಿನ ಕೆಳಗೆ ಫೋಟೊ ತೆಗೆದರೆ ತನ್ನ ತಲೆಯ ನೆರಳೇ ಉತ್ತರದ ಮೇಲೆ ಬೀಳುತ್ತಿದ್ದುದರಿಂದ, ಬೆಳಿಗ್ಗೆ ಆರಕ್ಕೆ ಹಾಲಿನ ಕ್ರೇಟು ಇಳಿಸುವ ಬಾಗಿಲ ಬಳಿ ಪುಟಗಳನ್ನು ಸಾಲಾಗಿ ಹಾಸಿ ಚಿತ್ರ ತೆಗೆದು, ಪಿಡಿಎಫ್ ಮಾಡಿ ಏರಿಸಿದ. ಕುಂದಾಪುರದ ಇನ್ನೊಬ್ಬ ಅಡುಗೆಯವನು ಗೃಹವಿಜ್ಞಾನದಲ್ಲಿ ಇಡ್ಲಿ ಹಿಟ್ಟು ಹುಳಿಯುವುದನ್ನು ಕುರಿತು, ಮುಂಬಯಿಯ ಮಳೆಗಾಲಕ್ಕೂ ಚಳಿಗೂ ಹಿಟ್ಟು ಉಬ್ಬುವ ಸಮಯದಲ್ಲಿ ಆಗುವ ವ್ಯತ್ಯಾಸವನ್ನು ಸೇರಿಸಿ ಬರೆದ ಉತ್ತರವನ್ನು ನಾನು ಈಗಲೂ ಹೊಸಬರಿಗೆ ತೋರಿಸುತ್ತೇನೆ.

 

ಖರ್ಚಿನ ವಿಷಯಕ್ಕೆ ಬಂದರೆ, ಐದು ವಿಷಯಗಳ ಪ್ರವೇಶಕ್ಕೆ 1,800 ರೂಪಾಯಿಯ ಆಸುಪಾಸು, ಟಿಒಸಿಗೆ ವಿಷಯಕ್ಕೆ ಇನ್ನೂರಕ್ಕೆ ಸ್ವಲ್ಪ ಮೇಲೆ, ಪರೀಕ್ಷಾ ಶುಲ್ಕ ವಿಷಯಕ್ಕೆ 250ರಿಂದ 300 ಇತ್ತೆಂದು ನೆನಪು. ರೀಚಾರ್ಜು, ಜೆರಾಕ್ಸು, ಓಡಾಟ ಎಲ್ಲ ಸೇರಿಸಿದರೂ ಒಬ್ಬನಿಗೆ ಐದು ಸಾವಿರ ದಾಟಲಿಲ್ಲ. ಇದೇ ಕೆಲಸಕ್ಕೆ ಉಪನಗರದ ಒಂದು ಕೋಚಿಂಗ್ ಕೇಂದ್ರದವರು 'ಪಾಸ್ ಗ್ಯಾರಂಟಿ' ಎಂದು ನನ್ನ ಇಬ್ಬರು ಹುಡುಗರಿಂದ ತಲಾ ಹದಿನೈದು ಸಾವಿರಕ್ಕೂ ಹೆಚ್ಚು ಪಡೆದು, ಟಿಎಂಎಯನ್ನೂ ಏರಿಸದೆ ಬಿಟ್ಟಿದ್ದರು. ಆ ಹಣ ಮರಳಿ ಬರಲೇ ಇಲ್ಲ. ಮಾಲೀಕರೇ ಪೂರ್ತಿ ಹಣ ಕಟ್ಟಿದ ಕಡೆ ಹುಡುಗರು ನಡುವೆ ಬಿಟ್ಟದ್ದು ಹೆಚ್ಚು. ಆದ್ದರಿಂದ ಈಗ ಅರ್ಧ ಮಾಲೀಕರದು, ಅರ್ಧ ಹುಡುಗನ ಸಂಬಳದಿಂದ ಎಂದು ಮಾಡಿದ್ದೇನೆ.

ದತ್ತಾಂಶ ನಮೂದು ವಿಷಯಕ್ಕೆಂದು ಲ್ಯಾಮಿಂಗ್ಟನ್ ರಸ್ತೆಯಿಂದ ಎಂಟೊಂಬತ್ತು ಸಾವಿರಕ್ಕೆ ಹಳೆಯ ಲ್ಯಾಪ್‌ಟಾಪ್ ತಂದು ಅಟ್ಟದಲ್ಲಿಟ್ಟು ನೋಡಿದೆ. ಎಣ್ಣೆಯ ಹೊಗೆಗೆ ಕೀಲಿಗಳು ಅಂಟಿಕೊಂಡು ಮಳೆಗಾಲದೊಳಗೆ ಅದು ಕೆಟ್ಟಿತು, ಆದರೂ ಅದರಲ್ಲಿ ಟೈಪಿಂಗ್ ಕಲಿತ ಒಬ್ಬ ಈಗ ಗಲ್ಲಾದ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದಾನೆ. ಒಂದೇ ವಿಷಯ ಬಾಕಿ ಉಳಿದವರಿಗೆ ಪುಣೆಯ ಪ್ರಾದೇಶಿಕ ಕೇಂದ್ರದ ಆನ್-ಡಿಮಾಂಡ್ ಪರೀಕ್ಷೆಯನ್ನೂ, ಅಂದರೆ ಬೇಕಾದಾಗ ದಿನ ಗೊತ್ತುಮಾಡಿಕೊಂಡು ಬರೆಯುವ ಪರೀಕ್ಷೆಯನ್ನೂ ಪ್ರಯತ್ನಿಸಿದ್ದುಂಟು. ಒಂದು ದಿನದ ಸಂಬಳ ಮತ್ತು ಪ್ರಯಾಣದ ವೆಚ್ಚ ಲೆಕ್ಕ ಹಾಕಿದರೆ, ಗಲ್ಫ್ ಕೆಲಸದ ಅವಸರವಿದ್ದವರಿಗೆ ಮಾತ್ರ ಅದು ಗಿಟ್ಟುತ್ತದೆ. ಆ ಅವಸರ ಸಣ್ಣದೇನಲ್ಲ: ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನ ಮೇಲೆ ಇಸಿಆರ್, ಅಂದರೆ 'ವಲಸೆ ಪರಿಶೀಲನೆ ಬೇಕು' ಎಂಬ ಮುದ್ರೆ ಬೀಳುತ್ತದೆ, ಕುವೈತ್, ಕತಾರ್‌ನಂಥ ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಅನುಮತಿ ಪಡೆಯಬೇಕಾಗುತ್ತದೆ. ನನ್ನ ಹುಡುಗರಲ್ಲಿ ನಾಲ್ಕೈದು ಮಂದಿ ಈ ಪ್ರಮಾಣಪತ್ರ ತೋರಿಸಿ ಆ ಮುದ್ರೆಯಿಲ್ಲದ ಪಾಸ್‌ಪೋರ್ಟ್ ಪಡೆದಿದ್ದಾರೆ.

ಈ ದಾರಿ ಹಿಡಿಯುವ ಶಿಕ್ಷಕರು ಪಾಠಕ್ಕಿಂತ ಮೊದಲು ಕಾಗದಪತ್ರ ನೋಡಬೇಕು. ನಮ್ಮ ಕಡೆಯ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆಗೆ ಇನಿಷಿಯಲ್ ಇದ್ದರೆ, ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರೂ ಮನೆತನದ ಹೆಸರೂ ಪೂರ್ತಿ ಇರುತ್ತವೆ, ಅಲ್ಲಿಗೆ ಅರ್ಜಿ ನಿಲ್ಲುತ್ತದೆ. ಆಧಾರ್ ಕಾರ್ಡನ್ನು ಮಾರ್ಕ್ಸ್ ಕಾರ್ಡಿಗೆ ಹೊಂದಿಸಿಕೊಂಡ ಮೇಲೆಯೇ ನಾನು ಅರ್ಜಿ ತುಂಬಿಸುತ್ತೇನೆ. ಮಾರ್ಕ್ಸ್ ಕಾರ್ಡು ಕಳೆದುಕೊಂಡವನು ಊರಿನ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ನಕಲು ಪ್ರತಿ ತರಿಸಬೇಕಾಗುವುದರಿಂದ, ದಸರೆಗೆ ಊರಿಗೆ ಹೊರಟವರಿಗೆ ಈ ವರ್ಷವೂ ಆ ಅರ್ಜಿಯನ್ನು ಬರೆದುಕೊಟ್ಟೇ ಕಳುಹಿಸಿದ್ದೇನೆ.