ಬೇಡಿಕೆ ರೇಖೆಯನ್ನು ನೀವೇ ಬರೆಯಿರಿ

ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆ ರೇಖೆ ಸಾಮಾನ್ಯವಾಗಿ ಸಿದ್ಧಚಿತ್ರವಾಗಿಯೇ ಕಪ್ಪುಹಲಗೆಯ ಮೇಲೆ ಮೂಡುತ್ತದೆ. ಎಡದಿಂದ ಬಲಕ್ಕೆ ಇಳಿಯುವ ಒಂದು ಗೆರೆ, ಅದರ ಕೆಳಗೆ ‘ಬೆಲೆ ಇಳಿದರೆ ಬೇಡಿಕೆಯ ಪ್ರಮಾಣ ಏರುತ್ತದೆ’ ಎಂಬ ವಾಕ್ಯ. ಇಷ್ಟನ್ನು ಬಾಯಿಪಾಠ ಮಾಡಿದವರಿಗೆ ಆ ಗೆರೆ ಎಲ್ಲಿಂದ ಬಂತೆಂಬ ಪ್ರಶ್ನೆ ಏಳುವುದೇ ಅಪರೂಪ. ಅದರ ಪ್ರತಿಯೊಂದು ಬಿಂದುವಿನ ಹಿಂದೆಯೂ, ಕೈಯಲ್ಲಿರುವ ಮಿತವಾದ ಹಣವನ್ನು ಹೇಗೆ ಹಂಚಬೇಕೆಂದು ಗ್ರಾಹಕರೊಬ್ಬರು ಮಾಡಿದ ಪೂರ್ತಿ ಲೆಕ್ಕ ಅಡಗಿರುತ್ತದೆ. ಒಂದು ಗ್ರಾಫ್ ಹಾಳೆ ಮತ್ತು ಪೆನ್ಸಿಲ್ ಇದ್ದರೆ ಆ ಲೆಕ್ಕವನ್ನು ನೀವೇ ಮಾಡಿ ನೋಡಬಹುದು.

ಮೊದಲ ಹೆಜ್ಜೆ: ಸಾಧ್ಯವಿರುವುದನ್ನು ಗುರುತಿಸಿ

ಒಬ್ಬ ಗ್ರಾಹಕಿ ಎರಡೇ ವಿಷಯಗಳಿಗಾಗಿ ವರ್ಷಕ್ಕೆ 120 ನಾಣ್ಯಗಳನ್ನು ತೆಗೆದಿಟ್ಟಿದ್ದಾಳೆ ಎಂದುಕೊಳ್ಳೋಣ: ಪ್ರಯಾಣ ಮತ್ತು ಪುಸ್ತಕ. ಒಂದು ಪ್ರಯಾಣಕ್ಕೆ 6 ನಾಣ್ಯ, ಒಂದು ಪುಸ್ತಕಕ್ಕೆ 4 ನಾಣ್ಯ. ಹಣವನ್ನೆಲ್ಲ ಪ್ರಯಾಣಕ್ಕೇ ಹಾಕಿದರೆ 20 ಪ್ರಯಾಣ, ಪುಸ್ತಕಕ್ಕೇ ಹಾಕಿದರೆ 30 ಪುಸ್ತಕ. ಪ್ರಯಾಣವನ್ನು ಅಡ್ಡ ಅಕ್ಷದಲ್ಲೂ ಪುಸ್ತಕವನ್ನು ಲಂಬ ಅಕ್ಷದಲ್ಲೂ ಇಟ್ಟು ಈ ಎರಡು ತುದಿಗಳನ್ನು ಸೇರಿಸಿದರೆ ಸಿಗುವ ನೇರ ಗೆರೆಯೇ ಆಯವ್ಯಯ ರೇಖೆ. ಅದರ ಇಳಿಜಾರು 6 ಭಾಗಿಸು 4, ಅಂದರೆ 1.5. ಇನ್ನೊಂದು ಪ್ರಯಾಣ ಬೇಕೆಂದರೆ ಒಂದೂವರೆ ಪುಸ್ತಕವನ್ನು ಬಿಟ್ಟುಕೊಡಬೇಕು ಎಂದು ಮಾರುಕಟ್ಟೆ ಆಕೆಗೆ ಹೇಳುತ್ತಿರುವ ದರ ಇದು.

ಎರಡನೆಯ ಹೆಜ್ಜೆ: ಮನಸ್ಸಿನ ದರವನ್ನು ಗುರುತಿಸಿ

ಆಕೆಯ ಮನಸ್ಸಿಗೂ ಒಂದು ದರವಿದೆ. ಇನ್ನೊಂದು ಪ್ರಯಾಣಕ್ಕಾಗಿ, ತನ್ನ ತೃಪ್ತಿ ಕುಂದದಂತೆ, ಎಷ್ಟು ಪುಸ್ತಕ ಬಿಡಲು ಆಕೆ ಒಪ್ಪುತ್ತಾಳೆ? ಇದನ್ನು ಸೀಮಾಂತ ಬದಲಿ ದರ ಎನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು, ಆಕೆಯ ಬಳಿ ಇರುವ ಪುಸ್ತಕಗಳ ಸಂಖ್ಯೆಯನ್ನು ಪ್ರಯಾಣಗಳ ಸಂಖ್ಯೆಯಿಂದ ಭಾಗಿಸಿದಷ್ಟು ಎಂದಿಟ್ಟುಕೊಳ್ಳೋಣ. ಹಾಗಾದಾಗ, ಎರಡರ ಗುಣಲಬ್ಧ ಒಂದೇ ಆಗಿರುವ ಜೋಡಿಗಳೆಲ್ಲ ಆಕೆಗೆ ಸಮಾನವಾಗಿ ಒಪ್ಪಿಗೆಯಾಗುತ್ತವೆ. 5 ಪ್ರಯಾಣ ಮತ್ತು 30 ಪುಸ್ತಕ, 6 ಮತ್ತು 25, 10 ಮತ್ತು 15, 15 ಮತ್ತು 10 ಇವೆಲ್ಲವುಗಳ ಗುಣಲಬ್ಧ 150. ಈ ಬಿಂದುಗಳನ್ನು ಸೇರಿಸಿದರೆ ಮೂಲಬಿಂದುವಿನ ಕಡೆಗೆ ಬಾಗಿದ ತಟಸ್ಥ ರೇಖೆ ದೊರೆಯುತ್ತದೆ. 1881ರಲ್ಲಿ ಎಡ್ಜ್‌ವರ್ತ್ ಈ ಬಗೆಯ ರೇಖೆಯನ್ನು ಬಳಕೆಗೆ ತಂದರು. ತೃಪ್ತಿಯನ್ನು ಅಳೆಯುವ ಮಾನದಂಡವೇ ಬೇಕಿಲ್ಲ, ಯಾವುದು ಯಾವುದಕ್ಕಿಂತ ಮೇಲು ಎಂಬ ಕ್ರಮ ಗೊತ್ತಿದ್ದರೆ ಸಾಕು ಎಂಬುದನ್ನು ಮುಂದೆ ಪರೇಟೊ ತೋರಿಸಿದರು. ನನ್ನ ದೃಷ್ಟಿಯಲ್ಲಿ ಈ ವಿಷಯದ ಬಹುದೊಡ್ಡ ಬಿಡುಗಡೆ ಇದೇ, ಏಕೆಂದರೆ ಸಂತೋಷವನ್ನು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ.

ಮೂರನೆಯ ಹೆಜ್ಜೆ: ಎರಡು ದರಗಳು ಸೇರುವ ಜಾಗ

ಆಕೆ 4 ಪ್ರಯಾಣ, 24 ಪುಸ್ತಕ ಕೊಂಡಿದ್ದರೆ ಹಣ ಸರಿಯಾಗಿ ಮುಗಿಯುತ್ತದೆ. ಆದರೆ ಇನ್ನೊಂದು ಪ್ರಯಾಣಕ್ಕೆ ಆರು ಪುಸ್ತಕಗಳ ದರದಲ್ಲಿ ಬಿಟ್ಟುಕೊಡಲು ಮನಸ್ಸು ಸಿದ್ಧವಿರುವಾಗ ಮಾರುಕಟ್ಟೆ ಕೇಳುತ್ತಿರುವುದು ಒಂದೂವರೆ ಮಾತ್ರ. ಆದ್ದರಿಂದ ಪ್ರಯಾಣವನ್ನು ಹೆಚ್ಚಿಸುವುದು ಲಾಭ. 16 ಪ್ರಯಾಣ, 6 ಪುಸ್ತಕದ ಬಳಿ ಸ್ಥಿತಿ ತಿರುಗುಮುರುಗಾಗುತ್ತದೆ. ಅಲ್ಲಿ ಪ್ರಯಾಣವನ್ನು ತಗ್ಗಿಸುವುದೇ ಒಳ್ಳೆಯದು. 10 ಪ್ರಯಾಣ, 15 ಪುಸ್ತಕದ ಬಳಿ ಮನಸ್ಸಿನ ದರವೂ ಮಾರುಕಟ್ಟೆಯ ದರವೂ 1.5 ಆಗಿ, ಯಾವ ಅದಲುಬದಲಿನಿಂದಲೂ ತೃಪ್ತಿ ಹೆಚ್ಚುವುದಿಲ್ಲ. ಹಾಳೆಯ ಮೇಲೆ ತಟಸ್ಥ ರೇಖೆ ಆಯವ್ಯಯ ರೇಖೆಯನ್ನು ಸ್ಪರ್ಶಿಸುವುದು ಇಲ್ಲಿಯೇ. ಕೊನೆಯ ನಾಣ್ಯವನ್ನು ಯಾವುದರ ಮೇಲೆ ಹಾಕಿದರೂ ಸಿಗುವ ಹೆಚ್ಚುವರಿ ತೃಪ್ತಿ ಒಂದೇ ಆಗಿರಬೇಕು ಎಂದು ಗೋಸೆನ್ 1854ರಲ್ಲೇ ಬರೆದದ್ದು ಇದೇ ನಿಯಮವನ್ನು.

ನಾಲ್ಕನೆಯ ಹೆಜ್ಜೆ: ಒಂದು ಬೆಲೆಯನ್ನು ಮಾತ್ರ ಬದಲಿಸಿ

ಹಣ 120 ಆಗಿಯೇ ಇರಲಿ, ಪುಸ್ತಕದ ಬೆಲೆಯೂ 4 ಆಗಿಯೇ ಇರಲಿ. ಪ್ರಯಾಣದ ಬೆಲೆಯನ್ನು ಮಾತ್ರ ಇಳಿಸುತ್ತಾ ಹೋಗಿ, ಪ್ರತಿ ಸಲವೂ ಹೊಸ ಆಯವ್ಯಯ ರೇಖೆ ಎಳೆದು ಸ್ಪರ್ಶಬಿಂದುವನ್ನು ಹುಡುಕಿ. ಬೆಲೆ 6 ಇದ್ದಾಗ 10 ಪ್ರಯಾಣ, 5 ಇದ್ದಾಗ 12, 4 ಇದ್ದಾಗ 15, 3 ಇದ್ದಾಗ 20. ಈಗ ಇನ್ನೊಂದು ಹಾಳೆಯಲ್ಲಿ ಲಂಬ ಅಕ್ಷಕ್ಕೆ ಬೆಲೆಯನ್ನೂ ಅಡ್ಡ ಅಕ್ಷಕ್ಕೆ ಪ್ರಯಾಣಗಳ ಸಂಖ್ಯೆಯನ್ನೂ ಇಟ್ಟು ಈ ನಾಲ್ಕು ಜೋಡಿಗಳನ್ನು ಗುರುತಿಸಿ ಸೇರಿಸಿ. ಬೇಡಿಕೆ ರೇಖೆ ಸಿದ್ಧವಾಯಿತು. (1838ರಲ್ಲಿ ಕೂರ್ನೋ ಬೆಲೆಯನ್ನು ಅಡ್ಡ ಅಕ್ಷದಲ್ಲಿಟ್ಟಿದ್ದರು, ಲಂಬ ಅಕ್ಷದ ರೂಢಿ ಗಟ್ಟಿಯಾದದ್ದು 1890ರ ಮಾರ್ಷಲ್ ಅವರ ಗ್ರಂಥದಿಂದ.) ನಾಲ್ಕು ಬೆಲೆಗಳಲ್ಲೂ ಆಕೆ ಪ್ರಯಾಣಕ್ಕೆ ಒಟ್ಟು 60 ನಾಣ್ಯಗಳನ್ನೇ ವೆಚ್ಚ ಮಾಡಿದ್ದಾಳೆ ಎಂಬುದು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಅದು ನಾವು ಆರಿಸಿಕೊಂಡ ಅಭಿರುಚಿಯ ವಿಶೇಷ ಮಾತ್ರ. ಎಲ್ಲ ಗ್ರಾಹಕರಿಗೂ ಅದನ್ನು ಅನ್ವಯಿಸಬಾರದು.

ಗೆರೆ ಏಕೆ ಇಳಿಯುತ್ತದೆ

ಬೆಲೆ 6ರಿಂದ 3ಕ್ಕೆ ಇಳಿದಾಗ ಪ್ರಯಾಣಗಳು 10ರಿಂದ 20ಕ್ಕೆ ಏರಿದ್ದರಲ್ಲಿ ಎರಡು ಬೇರೆ ಬೇರೆ ಕಾರಣಗಳು ಬೆರೆತಿವೆ. ಪ್ರಯಾಣ ಈಗ ಪುಸ್ತಕಕ್ಕೆ ಹೋಲಿಸಿದರೆ ಅಗ್ಗವಾಗಿದೆ, ಅದೊಂದು. ಹಿಂದೆ ಕೊಳ್ಳುತ್ತಿದ್ದ 10 ಪ್ರಯಾಣ, 15 ಪುಸ್ತಕಗಳಿಗೆ ಈಗ 90 ನಾಣ್ಯ ಸಾಕಾಗಿ 30 ನಾಣ್ಯ ಉಳಿಯುವುದರಿಂದ ಆಕೆ ನಿಜಾರ್ಥದಲ್ಲಿ ಮೊದಲಿಗಿಂತ ಅನುಕೂಲಸ್ಥೆಯಾಗಿದ್ದಾಳೆ, ಇದು ಇನ್ನೊಂದು. ಇವನ್ನು ಬೇರ್ಪಡಿಸುವ ದಾರಿಯನ್ನು 1915ರಲ್ಲಿ ಸ್ಲಟ್ಸ್‌ಕಿ ತೋರಿಸಿದರು. ಉಳಿದ ಆ 30 ನಾಣ್ಯಗಳನ್ನು ಆಕೆಯಿಂದ ತೆಗೆದುಕೊಂಡುಬಿಟ್ಟೆವು ಎಂದು ಊಹಿಸಿ, 90 ನಾಣ್ಯಗಳಲ್ಲಿ ಹೊಸ ಬೆಲೆಗೆ ಆಕೆ ಏನು ಆರಿಸುತ್ತಾಳೆಂದು ನೋಡಬೇಕು. ಉತ್ತರ 15 ಪ್ರಯಾಣ. 10ರಿಂದ 15ಕ್ಕೆ ಏರಿದ್ದು ಬದಲಿ ಪರಿಣಾಮ. ಹಣವನ್ನು ಮರಳಿಸಿದಾಗ 15ರಿಂದ 20ಕ್ಕೆ ಏರುವುದು ಆದಾಯ ಪರಿಣಾಮ.

ಈ ವಿಂಗಡಣೆ ಗಿಫನ್ ಸರಕೆಂಬ ಅಪವಾದಕ್ಕೆ ಬಾಗಿಲು ತೆರೆಯುತ್ತದೆ. ಬದಲಿ ಪರಿಣಾಮ ಎಂದಿಗೂ ಅಗ್ಗವಾದ ಸರಕಿನಿಂದ ದೂರ ಎಳೆಯುವುದಿಲ್ಲ. ಆದಾಯ ಪರಿಣಾಮಕ್ಕೆ ಅಂಥ ಕಟ್ಟುಪಾಡಿಲ್ಲ: ಕೈಯಲ್ಲಿ ಹಣ ಹೆಚ್ಚಾದಂತೆ ಜನ ಬಿಟ್ಟುಬಿಡುವ ಸರಕುಗಳೂ ಇವೆ. ಅಂಥ ಸರಕು ಬಡ ಕುಟುಂಬದ ವೆಚ್ಚದ ದೊಡ್ಡ ಪಾಲನ್ನೇ ನುಂಗುತ್ತಿದ್ದು, ಅದಕ್ಕೆ ಹತ್ತಿರದ ಬದಲಿಯೂ ಇಲ್ಲದಿದ್ದರೆ, ಬೆಲೆ ಏರಿದಾಗ ಅದನ್ನೇ ಇನ್ನಷ್ಟು ಕೊಳ್ಳಬೇಕಾದ ಸ್ಥಿತಿ ಬರಬಹುದು. ಬೇಡಿಕೆಯ ನಿಯಮವನ್ನು ಕಲಿಸುವಾಗ ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೆರಡು ಗೆರೆಗಳು

ಆಕೆಯ ಹಣವನ್ನು 144ಕ್ಕೆ ಏರಿಸಿ ಲೆಕ್ಕವನ್ನು ಮರಳಿ ಮಾಡಿ. ಬೆಲೆ 6 ಇದ್ದಾಗ 12, 4 ಇದ್ದಾಗ 18, 3 ಇದ್ದಾಗ 24 ಪ್ರಯಾಣಗಳು ಬರುತ್ತವೆ, ಅಂದರೆ ಇಡೀ ರೇಖೆಯೇ ಬಲಕ್ಕೆ ಸರಿದಿದೆ. ಪ್ರಯಾಣದ ಬೆಲೆ ಬದಲಾದಾಗ ನಾವು ರೇಖೆಯ ಮೇಲೆಯೇ ಚಲಿಸುತ್ತೇವೆ. ಆದಾಯವೋ ಅಭಿರುಚಿಯೋ ಬದಲಾದಾಗ ಹೊಸ ರೇಖೆ ಬರೆಯಬೇಕಾಗುತ್ತದೆ.

ಮಾರುಕಟ್ಟೆಯ ಬೇಡಿಕೆ ಬೇಕಿದ್ದರೆ ಪ್ರತಿ ಬೆಲೆಯಲ್ಲೂ ಎಲ್ಲರ ಪ್ರಮಾಣಗಳನ್ನು ಅಡ್ಡಲಾಗಿ ಕೂಡಿಸಬೇಕು. ಮೊದಲಿನ ಗ್ರಾಹಕಿಯ ಪಕ್ಕದಲ್ಲಿ, ಬೆಲೆ 6 ಇದ್ದಾಗ ಒಂದೂ ಪ್ರಯಾಣ ಮಾಡದೆ, 3ಕ್ಕೆ ಇಳಿದಾಗ 8 ಪ್ರಯಾಣ ಮಾಡುವ ಇನ್ನೊಬ್ಬನನ್ನು ನಿಲ್ಲಿಸಿ. ಒಟ್ಟು ಬೇಡಿಕೆ 10ರಿಂದ 28ಕ್ಕೆ ಏರುತ್ತದೆ, ಮತ್ತು ಆ ಏರಿಕೆಯ 18ರಲ್ಲಿ 8 ಪ್ರಯಾಣಗಳು ಮೊದಲು ಮಾರುಕಟ್ಟೆಯ ಹೊರಗೇ ಉಳಿದಿದ್ದವನಿಂದ ಬಂದಿವೆ.