ವಿಮಾನದ ಜನರೇಟರ್ ಡಿಸೈನ್: ನಾನು ರೋಟರ್‌ನಿಂದ ಶುರು ಮಾಡುವುದು ಯಾಕೆ

ಹೊಸಬರು ಸ್ಟೇಟರ್‌ನಿಂದ, ಅಂದರೆ ಕರೆಂಟ್ ಹುಟ್ಟುವ ಅಲುಗಾಡದ ಭಾಗದಿಂದ ಶುರು ಮಾಡುತ್ತಾರೆ, ವೋಲ್ಟೇಜ್ ಎಷ್ಟು, ತಂತಿ ಎಷ್ಟು ಸುತ್ತು ಅಂತ. ನಾನು ಮೊದಲು ಅದರೊಳಗೆ ತಿರುಗುವ ಅಯಸ್ಕಾಂತವಾದ ರೋಟರ್ ಹಿಡಿಯುತ್ತೇನೆ, ಯಂತ್ರದ ಗಾತ್ರ ಕೊನೆಗೆ ತೀರ್ಮಾನ ಆಗುವುದು ಅಲ್ಲೇ.

ನಾವು ಮಾಡಿದ್ದು ವೇರಿಯಬಲ್ ಫ್ರೀಕ್ವೆನ್ಸಿ ಜನರೇಟರ್, ಅಂದರೆ ಎಂಜಿನ್ ವೇಗದ ಜೊತೆ ಎಸಿ ಕರೆಂಟ್‌ನ ಫ್ರೀಕ್ವೆನ್ಸಿಯೂ ಬದಲಾಗುವಂಥದ್ದು. ಬೋಯಿಂಗ್ 737ರಂಥ ವಿಮಾನಗಳಲ್ಲಿ ಎಂಜಿನ್ ವೇಗ ಹೆಚ್ಚುಕಮ್ಮಿ ಆದರೂ 400 ಹರ್ಟ್ಸ್ ಬಿಡದೆ ಬರಲಿ ಅಂತ ನಡುವೆ ಒಂದು ಹೈಡ್ರಾಲಿಕ್ ಡ್ರೈವ್ ಇರುತ್ತದೆ. 787ರಲ್ಲಿ ಅದನ್ನು ಕಿತ್ತು ಹಾಕಿದರು. ಪ್ರತಿ ಎಂಜಿನ್‌ಗೆ 250 ಕೆವಿಎ ಜನರೇಟರ್ ಎರಡೆರಡು, ಎಲ್ಲ ನೇರವಾಗಿ ಗೇರ್‌ಬಾಕ್ಸ್‌ಗೆ. ಡ್ರೈವ್‌ನ ತೂಕ, ರಿಪೇರಿ ಎರಡೂ ತಪ್ಪಿತು, ಆದರೆ ಆ ಕಷ್ಟವೆಲ್ಲ ರೋಟರ್ ಮೇಲೆ ಬಿತ್ತು. ಫ್ರೀಕ್ವೆನ್ಸಿ 360ರಿಂದ 800 ಹರ್ಟ್ಸ್‌ವರೆಗೆ ಓಡಾಡುತ್ತದೆ ಅಂದರೆ ರೋಟರ್ ವೇಗವೂ ಎರಡು ಪಟ್ಟಿಗಿಂತ ಜಾಸ್ತಿ ಬದಲಾಗುತ್ತದೆ ಅಲ್ವಾ? ವೇಗ ಕಡಿಮೆ ಇದ್ದಾಗ ಅದೇ ವೋಲ್ಟೇಜ್ ಕೊಡಬೇಕು, ಅದಕ್ಕೆ ರೋಟರ್ ಅನ್ನು ಅಯಸ್ಕಾಂತ ಮಾಡುವ ಫೀಲ್ಡ್ ಕರೆಂಟ್ ಜಾಸ್ತಿ ಬೇಕು, ರೋಟರ್ ಬಿಸಿಯಾಗುತ್ತದೆ. ವೇಗ ತುದಿ ಮುಟ್ಟಿದಾಗ ಕಾವು ಇಳಿಯುತ್ತದೆ, ಆದರೆ ವೈಂಡಿಂಗ್ ಅನ್ನು, ಅಂದರೆ ರೋಟರ್‌ಗೆ ಸುತ್ತಿದ ತಾಮ್ರದ ತಂತಿಯನ್ನು ಹೊರಗೆ ಎಳೆಯುವ ಬಲ ಸುಮಾರು ಐದು ಪಟ್ಟು ಆಗುತ್ತದೆ. ಕಾವಿಗೆ ಅಂತ ತಾಮ್ರ ಸೇರಿಸಿದರೆ ಆ ಬಲ ಇನ್ನೂ ಏರುತ್ತದೆ. ನನ್ನ ಕೆಲಸದ ಬಹುಪಾಲು ಕಳೆದದ್ದು ಈ ಜಗ್ಗಾಟದಲ್ಲೇ.

ಡಯೋಡ್‌ಗಳ ವಿಷಯ ಹೇಳಲೇಬೇಕು. ತಿರುಗುವ ರೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಈ ಜನರೇಟರ್‌ಗಳಲ್ಲಿ ಇಲ್ಲ. ಮೇಲಿನ ಒಣ, ತೆಳು ಗಾಳಿಯಲ್ಲಿ ಅವು ಬೇಗ ಸವೆದು ಪುಡಿಯಾಗುತ್ತವೆ. ಹಾಗಾಗಿ ಅದೇ ಶಾಫ್ಟ್‌ನಲ್ಲಿರುವ ಎಕ್ಸೈಟರ್ ಅನ್ನುವ ಸಣ್ಣ ಜನರೇಟರ್ ಕೊಡುವ ಎಸಿಯನ್ನು ಫೀಲ್ಡ್‌ಗೆ ಬೇಕಾದ ಡಿಸಿ ಮಾಡುವ ಡಯೋಡ್‌ಗಳೂ ರೋಟರ್ ಜೊತೆಗೇ ತಿರುಗುತ್ತವೆ. ನಿಮಿಷಕ್ಕೆ 24,000 ಸುತ್ತು ಇಟ್ಟುಕೊಳ್ಳಿ, ಶಾಫ್ಟ್ ನಡುವಿನಿಂದ 20 ಮಿ.ಮೀ. ದೂರದಲ್ಲಿರುವ 10 ಗ್ರಾಂ ಡಯೋಡ್ ಮೇಲೆ 125 ಕೆಜಿಗಿಂತ ಜಾಸ್ತಿ ಭಾರ ಬೀಳುತ್ತದೆ! ಅದಕ್ಕೇ ಅವನ್ನು ಟೊಳ್ಳು ಶಾಫ್ಟ್ ಒಳಗೆ ಆದಷ್ಟು ನಡುವಿಗೆ ಕೂರಿಸಿದೆವು. ಆ ಬಲ ಬೆಸುಗೆಯನ್ನು ಕೀಳುವ ಹಾಗಿರಬಾರದು, ಒತ್ತುವ ಹಾಗಿರಬೇಕು.

ಟೆಸ್ಟ್‌ನಲ್ಲಿ ಫೀಲ್ಡ್ ವೈಂಡಿಂಗ್‌ನ ರೆಸಿಸ್ಟೆನ್ಸ್ ಅಳೆದು ಕಾವು ಲೆಕ್ಕ ಹಾಕುತ್ತಾರೆ. ನಾನು ಅದೊಂದನ್ನೇ ನಂಬುವುದಿಲ್ಲ. ಅದು ಬರೀ ಸರಾಸರಿ, ಇನ್ಸುಲೇಷನ್ ಸುಡುವುದು ಅತಿ ಬಿಸಿಯಾದ ಒಂದು ಜಾಗದಲ್ಲಿ. ಟೆಸ್ಟ್ ರೋಟರ್‌ಗೆ ಕಾವು ಅಳೆಯುವ ಥರ್ಮೋಕಪಲ್ ಹಾಕಿ ಟೆಲಿಮೆಟ್ರಿಯಲ್ಲಿ, ಅಂದರೆ ವೈರ್‌ಲೆಸ್ ಆಗಿ ಓದಿದಾಗ ವೈಂಡಿಂಗ್‌ನ ಒಂದು ತುದಿ ಸರಾಸರಿಗಿಂತ ಎಷ್ಟೋ ಬಿಸಿ ಇತ್ತು. ತಂಪು ಮಾಡುವ ಎಣ್ಣೆಯ ಪಂಪ್ ದೊಡ್ಡದು ಮಾಡೋಣ ಅಂತ ಕೆಲವರು ಹೇಳಿದರು. ನಾವು ಶಾಫ್ಟ್‌ನಿಂದ ಎಣ್ಣೆ ಚಿಮ್ಮುವ ತೂತುಗಳನ್ನು ಆ ತುದಿಯ ಕಡೆ ಸರಿಸಿದೆವು, ಅಷ್ಟಕ್ಕೇ ಕಾವು ಮಿತಿಯೊಳಗೆ ಬಂತು, ಪಂಪ್ ಮುಟ್ಟಲೇ ಇಲ್ಲ.