ಬಾಣದ ಕೀಲಿ ಒತ್ತಿ ಹಿಡಿದರೂ ನಿಂತುಬಿಡುತ್ತಿದ್ದ ಚೌಕ

ಪೈಥಾನ್ ಭಾಷೆಯಲ್ಲಿ ಆಟಗಳನ್ನು ಬರೆಯಲು ಬಳಸುವ ಲೈಬ್ರರಿಯಾದ ಪೈಗೇಮ್‌ನಲ್ಲಿ ಬರೆಯುತ್ತಿದ್ದ ಪುಟ್ಟ ಆಟವೊಂದರಲ್ಲಿ, ಬಲ ಬಾಣದ ಕೀಲಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ಪರದೆಯ ಮೇಲಿನ ಚೌಕವು 5 ಪಿಕ್ಸೆಲ್ ಸರಿದು ನಿಂತುಬಿಡುತ್ತಿತ್ತು. ಕೀಡೌನ್ ಎಂಬ ಈವೆಂಟ್ ಕೀಲಿಯನ್ನು ಒತ್ತಿದ ಕ್ಷಣದಲ್ಲಿ ಒಮ್ಮೆ ಮಾತ್ರ ಬರುತ್ತದೆ. ಬೆರಳು ಇನ್ನೂ ಅಲ್ಲಿಯೇ ಇದೆಯೇ ಎಂಬುದನ್ನು ಅದು ತಿಳಿಸುವುದಿಲ್ಲ. ಆದ್ದರಿಂದ ಚಲನೆಯ ಷರತ್ತುಗಳನ್ನು, ಬಂದ ಈವೆಂಟ್ಗಳನ್ನು ಒಂದೊಂದಾಗಿ ಓದುವ ಈವೆಂಟ್ ಲೂಪಿನಿಂದ ಹೊರತೆಗೆದು, ಪ್ರತಿ ಫ್ರೇಮಿನಲ್ಲೂ (ಪರದೆಯನ್ನು ಹೊಸದಾಗಿ ಬಿಡಿಸುವ ಪ್ರತಿ ಸಲವೂ) ಗೆಟ್‌_ಪ್ರೆಸ್ಡ್ ಎಂಬ ಫಂಕ್ಷನ್ ಮೂಲಕ ಎಲ್ಲ ಕೀಲಿಗಳ ಸ್ಥಿತಿಯನ್ನು ಓದುವಂತೆ ಬದಲಿಸಿದೆ. (ಈವೆಂಟ್ ಲೂಪನ್ನೇ ಅಳಿಸಬಾರದು, ಅದು ಓಡದಿದ್ದರೆ ಈ ಸ್ಥಿತಿಯೂ ಹೊಸದಾಗುವುದಿಲ್ಲ.)

ಚೌಕವು ಸರಾಗವಾಗಿ ಓಡತೊಡಗಿತಾದರೂ, ಬಲ ಮತ್ತು ಮೇಲಿನ ಬಾಣಗಳನ್ನು ಒಟ್ಟಿಗೆ ಒತ್ತಿದಾಗ ಓರೆಯಾಗಿ ಸಾಗುವ ಬದಲು ಬಲಕ್ಕಷ್ಟೇ ಹೋಗುತ್ತಿತ್ತು. ನಾಲ್ಕು ದಿಕ್ಕುಗಳೂ ಒಂದೇ ಇಫ್–ಎಲಿಫ್ ಸರಪಳಿಯಲ್ಲಿದ್ದವು. ನಿಜವಾಗುವ ಮೊದಲ ಷರತ್ತು ಸಿಕ್ಕೊಡನೆ ಪೈಥಾನ್ ಉಳಿದವುಗಳತ್ತ ನೋಡುವುದೇ ಇಲ್ಲ. ನಾಲ್ಕನ್ನೂ ಪ್ರತ್ಯೇಕ ಇಫ್‌ಗಳಾಗಿ ಬರೆದೊಡನೆ ಓರೆ ಚಲನೆ ಬಂತು, ಆದರೆ ವೇಗ ಸುಮಾರು 1.41 ಪಟ್ಟಾಯಿತು. ಓರೆಯಾಗಿ ಸಾಗುವಾಗ ಅಡ್ಡ ಮತ್ತು ಲಂಬ ಅಂತರಗಳೆರಡನ್ನೂ 0.707ರಿಂದ ಗುಣಿಸಿ, ಚೌಕದ ಸ್ಥಾನವನ್ನು ಹಿಡಿದಿಡುವ ರೆಕ್ಟ್ ಪೂರ್ಣಾಂಕಗಳನ್ನಷ್ಟೇ ಇಟ್ಟುಕೊಳ್ಳುವುದರಿಂದ ನಿಜವಾದ ಸ್ಥಾನವನ್ನು ಬೇರೆ ಎರಡು ದಶಮಾಂಶ ವೇರಿಯಬಲ್‌ಗಳಲ್ಲಿ ಇರಿಸಿದೆ.

ಗುಂಡು ಹಾರಿಸುವುದನ್ನು ಮಾತ್ರ ಕೀಡೌನ್‌ನಲ್ಲಿಯೇ ಉಳಿಸಿದ್ದೇನೆ, ಏಕೆಂದರೆ ಸ್ಪೇಸ್‌ಬಾರನ್ನು ಒಮ್ಮೆ ಒತ್ತಿದರೆ ಒಂದೇ ಗುಂಡು ಹೊರಡಬೇಕು.